ಮರೊಸಾಂ ಊರಿನ ದ್ರಾಕ್ಷಿ ಬೆಳೆಗಾರರು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಆಗಲೇ ವಿವರವಾಗಿ ತಿಳಿಸಿದ್ದಾರೆ. ನಾನು ದೂರದ ಫ್ರಾನ್ಸ್ ದೇಶದ ಒಂದು ಹಳ್ಳಿಯ ವಿಚಾರ ಹೇಳ್ತೀನಿ. ಅದರ ಹೆಸರು ಮರೊಸಾಂ. ದೇಶ ಬೇರೆ, ಬೆಳೆ ಬೇರೆ. ಆದರೆ ಸಣ್ಣ ರೈತನ ಕಷ್ಟ ಎಲ್ಲ ಕಡೆ ಒಂದೇ.

ಈ ಊರು ಇರುವುದು ದಕ್ಷಿಣ ಫ್ರಾನ್ಸಿನ ಏರೋ ಜಿಲ್ಲೆಯಲ್ಲಿ, ಬೆಝಿಯೆ ಪಟ್ಟಣದ ಪಕ್ಕ, ಓರ್ಬ್ ನದಿಯ ಬಳಿ. ಮೆಡಿಟರೇನಿಯನ್ ಸಮುದ್ರವೂ ದೂರವಿಲ್ಲ. ಅಲ್ಲಿ ಬೇಸಿಗೆಯಲ್ಲಿ ಮಳೆ ಕಡಿಮೆ, ಒಳ್ಳೆ ಬಿಸಿಲು. ಮಳೆ ಹೆಚ್ಚಾಗಿ ಬೀಳುವುದು ಬೇಸಿಗೆ ಕಳೆದ ಮೇಲೆ. ಇದು ದ್ರಾಕ್ಷಿಗೆ ಹೇಳಿ ಮಾಡಿಸಿದ ಹವೆ. ಸೆಪ್ಟೆಂಬರ್ ಸುಮಾರಿಗೆ ಹಣ್ಣು ಕೊಯ್ದು ವೈನ್ ಮಾಡುತ್ತಾರೆ. ನಾನು ಇಲ್ಲಿ ಕುಡಿತದ ಪರವಾಗಿ ಮಾತಾಡುತ್ತಿಲ್ಲ. ಅವರಿಗೆ ವೈನ್ ಅನ್ನುವುದು ನಮಗೆ ಹಾಲಿದ್ದ ಹಾಗೆ, ಮನೆ ನಡೆಸುವ ಕಸುಬು.

ಹತ್ತೊಂಬತ್ತನೇ ಶತಮಾನದ ನಡುವೆ ಆ ಸೀಮೆಗೆ ರೈಲು ಬಂತು, ವೈನ್ ಪ್ಯಾರಿಸ್‌ವರೆಗೂ ಹೋಯಿತು. ರೈತರು ಬೇರೆ ಬೆಳೆ ಬಿಟ್ಟು ದ್ರಾಕ್ಷಿಯನ್ನೇ ನೆಚ್ಚಿಕೊಂಡರು. ಅಷ್ಟರಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಸಣ್ಣ ಹುಳು ಬೇರಿಗೆ ಬಿದ್ದು, 1870ರ ದಶಕದಲ್ಲಿ ತೋಟಗಳನ್ನೇ ಒಣಗಿಸಿತು. ಈ ಹುಳುವನ್ನು ತಡೆಯುವ ಅಮೆರಿಕದ ಬೇರುಗಿಡಕ್ಕೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ ರೈತರು ಮತ್ತೆ ತೋಟ ಎಬ್ಬಿಸಿದರು. ಆಮೇಲೆ ಬಂದ ಕಷ್ಟವೇ ಬೇರೆ. 1900ರ ಹೊತ್ತಿಗೆ ಮಾಲು ವಿಪರೀತವಾಯಿತು. ಅಲ್ಜೀರಿಯಾದ ವೈನೂ ಬಂತು. ಸಾಲದ್ದಕ್ಕೆ ಸಕ್ಕರೆ, ನೀರು ಬೆರೆಸಿದ ಕಳ್ಳ ವೈನ್ ಮಾರುಕಟ್ಟೆಗೆ ನುಗ್ಗಿತು. ಬೆಲೆ ಬಿದ್ದುಹೋಯಿತು.

ದೊಡ್ಡ ಜಮೀನ್ದಾರನಿಗೆ ಸ್ವಂತ ಉಗ್ರಾಣ ಇತ್ತು, ಬೆಲೆ ಬರುವ ತನಕ ಕಾಯಬಲ್ಲವನಾಗಿದ್ದ. ತುಂಡು ತೋಟದವನಿಗೆ ಪೀಪಾಯಿಯೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ವ್ಯಾಪಾರಿ ಹೇಳಿದ್ದೇ ಬೆಲೆ.

ಆಗ 1901ರಲ್ಲಿ ಮರೊಸಾಂ ಊರಿನ ಸಣ್ಣ ಬೆಳೆಗಾರರು ಸೇರಿ ಒಂದು ಸಂಘ ಕಟ್ಟಿದರು. ಅದರ ಹೆಸರಿನ ಅರ್ಥ ‘ಸ್ವತಂತ್ರ ದ್ರಾಕ್ಷಿ ಬೆಳೆಗಾರರು’ ಅಂತ. ಮೊದಲು ಮಾಡಿದ ಕೆಲಸ ಒಟ್ಟಾಗಿ ಮಾರುವುದು. ಮಧ್ಯವರ್ತಿಯನ್ನು ಬಿಟ್ಟು, ಪ್ಯಾರಿಸ್ಸಿನ ಕಾರ್ಮಿಕರ ಬಳಕೆದಾರ ಸಹಕಾರ ಸಂಘಗಳಿಗೆ ನೇರವಾಗಿ ವೈನ್ ಕಳಿಸಿದರು. ಬೆಳೆಯುವವನಿಗೂ ಅನುಕೂಲ, ಕೊಳ್ಳುವವನಿಗೂ ಅನುಕೂಲ. ಆದರೆ ಒಬ್ಬೊಬ್ಬರು ಮನೆಯಲ್ಲಿ ಮಾಡಿದ ವೈನ್ ಒಂದೊಂದು ಥರ ಇರುತ್ತಿತ್ತು. ಹೀಗಾದರೆ ಗಿರಾಕಿ ನಿಲ್ಲುವುದಿಲ್ಲ ಅಂತ ತಿಳಿದು, 1905ರಲ್ಲಿ ಎಲ್ಲರ ಹಣ್ಣನ್ನೂ ಒಂದೇ ಕಡೆ ಹಾಕುವ ದೊಡ್ಡ ಉಗ್ರಾಣ ಕಟ್ಟಿದರು. ಫ್ರಾನ್ಸಿನ ಮೊದಲ ಸಹಕಾರಿ ವೈನ್ ಉಗ್ರಾಣ ಅಂತ ಅದಕ್ಕೆ ಹೆಸರು. ‘ಪ್ರತಿಯೊಬ್ಬನಿಗಾಗಿ ಎಲ್ಲರೂ, ಎಲ್ಲರಿಗಾಗಿ ಪ್ರತಿಯೊಬ್ಬನೂ’ ಎಂಬುದು ಅವರ ಧ್ಯೇಯವಾಕ್ಯ. ಅದೇ ವರ್ಷ ದೇಶದ ದೊಡ್ಡ ಸಮಾಜವಾದಿ ನಾಯಕ ಝಾನ್ ಝೋರೆಸ್ ಈ ಊರಿಗೆ ಬಂದು ನೋಡಿ ಹೋದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ 1905ರಲ್ಲೇ ಎಂಬುದನ್ನು ಇಲ್ಲಿ ನೆನೆಯಬೇಕು.

1907ರಲ್ಲಿ ಆ ಸೀಮೆಯ ಬೆಳೆಗಾರರೆಲ್ಲ ಬೀದಿಗಿಳಿದರು. ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ ಐದು ಲಕ್ಷಕ್ಕೂ ಮೇಲ್ಪಟ್ಟು ಜನ ಸೇರಿದ್ದರಂತೆ. ನಾರ್ಬೋನ್ ಊರಿನಲ್ಲಿ ಗುಂಡು ಹಾರಿ ಸಾವೂ ಆಯಿತು. ಅದೇ ತಿಂಗಳ ಕೊನೆಗೆ ಸರ್ಕಾರ ಕಲಬೆರಕೆ ತಡೆಯುವ ಕಾನೂನು ತಂದಿತು. ಇದಕ್ಕೆ ಮುಂಚೆ, 1906ರ ಕೊನೆಯಲ್ಲೇ, ಕೃಷಿ ಸಹಕಾರ ಸಂಘಗಳಿಗೆ ದೀರ್ಘಾವಧಿ ಸಾಲ ಕೊಡುವ ಕಾನೂನೂ ಬಂದಿತ್ತು. ಮುಂದೆ ಆ ಸೀಮೆಯಲ್ಲಿ ಊರೂರಿಗೂ ಇಂಥ ಉಗ್ರಾಣ ಎದ್ದವು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲಾ ನೂರು ಲೀಟರ್‌ಗೂ ಹೆಚ್ಚು ವೈನ್ ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಅಗ್ಗದ ಮಾಲಿಗೆ ಗಿರಾಕಿ ಹೋದರು. ಸರ್ಕಾರವೇ ದುಡ್ಡು ಕೊಟ್ಟು ಬಳ್ಳಿ ಕೀಳಿಸಿತು. ಎಷ್ಟೋ ಸಂಘಗಳು ಅಕ್ಕಪಕ್ಕದವರ ಜೊತೆ ಒಂದಾದವು. ಒಳ್ಳೆ ತಳಿ ಹಾಕಿ, ಗುಣಮಟ್ಟ ಹೆಚ್ಚಿಸಿದವರು ಉಳಿದುಕೊಂಡರು. ಮರೊಸಾಂ ಸುತ್ತ ಈಗಲೂ ದ್ರಾಕ್ಷಿ ತೋಟಗಳಿವೆ. ಆದರೆ ಪಕ್ಕದ ಬೆಝಿಯೆಗೆ ದುಡಿಯಲು ಹೋಗಿಬರುವವರೂ ಊರಲ್ಲಿ ಮನೆ ಮಾಡಿದ್ದಾರೆ.

ಬಂಧುಗಳೇ, ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆ ರೈತರು ಉಗ್ರಾಣ ಕಟ್ಟಿದ್ದು ಗೋಡೆಗಾಗಿ ಅಲ್ಲ, ಬೆಲೆ ಕೇಳುವ ಶಕ್ತಿಗಾಗಿ. ವೈನ್ ಒಂದು ವರ್ಷ ಕಾಯುತ್ತದೆ, ನಮ್ಮ ಹಾಲು ಒಂದು ಹೊತ್ತೂ ಕಾಯುವುದಿಲ್ಲ. ಹಾಗಾದರೆ ಸಂಘದ ಅಗತ್ಯ ಅವರಿಗಿಂತ ನಮಗೇ ಹೆಚ್ಚು. ಹೊರಗಿನವರು ಎರಡು ರೂಪಾಯಿ ಜಾಸ್ತಿ ಕೊಟ್ಟ ದಿನ ಅವರಿಗೆ ಹಾಕಿ, ಅವರು ಬೇಡ ಅಂದ ದಿನ ಕ್ಯಾನ್ ಹಿಡಿದು ಡೇರಿ ಬಾಗಿಲಿಗೆ ಬಂದರೆ ಸಂಘ ಹೇಗೆ ನಿಲ್ಲುತ್ತೆ? ಒಬ್ಬರ ಹಾಲಿಗೆ ಬಿದ್ದ ನೀರು ಇಡೀ ಊರಿನ ಹಾಲಿನ ಹೆಸರು ಕೆಡಿಸುತ್ತೆ. ಲ್ಯಾಕ್ಟೋಮೀಟರ್ ಹಾಕುವ ನಮ್ಮ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನು ಕಾಯುತ್ತಿರುವುದು ನಿಮ್ಮ ಹಾಲಿನ ಬೆಲೆಯನ್ನೇ.

ಇಪ್ಪತ್ತೈದು ವರ್ಷ ಹಿರಿಯರು ನಡೆಸಿಕೊಟ್ಟರು. ಮುಂದಿನದು ನಮ್ಮ, ನಮ್ಮ ಮಕ್ಕಳ ಹೊಣೆ. 

ಜೈ ಸಹಕಾರ.