ಮುರಿದ ಬಿದಿರಿನ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಾಲ್ಕು ಮಾತಾಡು ಎಂದಿದ್ದಾರೆ. ಸಾಫ್ಟ್‌ವೇರ್ ವಿಷಯ ತೆಗೆದರೆ ನಿಮಗೆ ಆಕಳಿಕೆ ಬರುತ್ತದೆ. ಅದಕ್ಕೇ ಒಂದು ಲೆಕ್ಕ ತಂದಿದ್ದೇನೆ.

ಹತ್ತನೇ ತರಗತಿಯವರಿಗೆ ಇದು ಗೊತ್ತು. ಬಿರುಗಾಳಿಗೆ ಮರ ಮುರಿದು ತುದಿ ನೆಲಕ್ಕೆ ತಾಗಿದೆ. ಬುಡದಿಂದ ತುದಿಗೆ 8 ಮೀಟರ್, ನೆಲದೊಡನೆ ಕೋನ 30 ಡಿಗ್ರಿ. ಮರದ ಎತ್ತರ ಎಷ್ಟಿತ್ತು? ತ್ರಿಕೋನಮಿತಿ ಪಾಠದ ಲೆಕ್ಕ. ಈ ಮರ ಎಲ್ಲಿಂದ ಬಂತು ಎಂದು ನಾನು ಹಳೆಯ ಗಣಿತ ಪುಸ್ತಕಗಳಲ್ಲಿ ಹುಡುಕುತ್ತಾ ಹೋದೆ.

1150ರಲ್ಲಿ ಎರಡನೇ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಅದು ಮರವಲ್ಲ, ಬಿದಿರು. ಎತ್ತರ 32 ಮೊಳ. ಗಾಳಿಗೆ ಮುರಿದು ತುದಿ ಬುಡದಿಂದ 16 ಮೊಳ ದೂರಕ್ಕೆ ಬಿತ್ತು. ಎಲ್ಲಿ ಮುರಿಯಿತು? ಅವರಿಗಿಂತ ಐನೂರು ವರ್ಷ ಹಿಂದೆ, 629ರಲ್ಲಿ, ಮೊದಲನೇ ಭಾಸ್ಕರ ಆರ್ಯಭಟೀಯಕ್ಕೆ ಬರೆದ ವ್ಯಾಖ್ಯಾನದಲ್ಲೂ ಇದೇ ಬಿದಿರು. ಎತ್ತರ 18, ದೂರ 6. ಅದಕ್ಕೂ ಹಿಂದಿನದು ಚೀನಾದ ಹಾನ್ ಕಾಲದ 'ಒಂಬತ್ತು ಅಧ್ಯಾಯಗಳು' ಎಂಬ ಗಣಿತ ಗ್ರಂಥ. ಅದರ ಕೊನೆಯ ಅಧ್ಯಾಯದಲ್ಲಿ ಬಿದಿರು 10 ಚಿ, ದೂರ 3 ಚಿ. ಚಿ ಎಂದರೆ ಅವರ ಅಳತೆ. ಉತ್ತರ ಮಾತ್ರ 4 ಪೂರ್ಣಾಂಕ 11/20! ನಮ್ಮವರು ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರಂತೆ ಪೂರ್ಣ ಸಂಖ್ಯೆ ಬರುವ ಹಾಗೆ ನೋಡಿಕೊಂಡಿದ್ದಾರೆ.

ಬರೀ ಹಳೆಯದು ಎಂದು ಇದನ್ನು ಹೇಳುತ್ತಿಲ್ಲ. ಪ್ರಶ್ನೆಯೇ ಬದಲಾಗಿದೆ. ಎನ್‌ಸಿಇಆರ್‌ಟಿಯ ಏಳನೇ ತರಗತಿ ಪುಸ್ತಕದಲ್ಲೂ ಇದೇ ಮರ ಇತ್ತು: 5 ಮೀಟರ್ ಎತ್ತರದಲ್ಲಿ ಮುರಿದಿದೆ, ತುದಿ 12 ಮೀಟರ್ ದೂರದಲ್ಲಿದೆ. ಎಲ್ಲಿ ಮುರಿಯಿತೆಂದು ಅಲ್ಲಿ ಮೊದಲೇ ಹೇಳಿಬಿಡುತ್ತಾರೆ. ಪೈಥಾಗೊರಸ್ ಪ್ರಮೇಯಕ್ಕೆ ಅಂಕಿ ತುಂಬಿದರೆ ವಿಕರ್ಣ 13, ಎತ್ತರ 18, ಮುಗಿಯಿತು. ಹತ್ತನೇ ತರಗತಿಯಲ್ಲಿ ಕೋನ ಕೊಟ್ಟಿದ್ದಾರೆ, ಕೋಷ್ಟಕ ನೋಡಿದರಾಯಿತು. ಹಳೆಯ ಲೆಕ್ಕದಲ್ಲಿ ತ್ರಿಭುಜದ ಒಂದೇ ಬಾಹು ಗೊತ್ತು. ಉಳಿದೆರಡರ ಮೊತ್ತ ಮಾತ್ರ ಇದೆ. ಸೂತ್ರಕ್ಕೆ ಹಾಕೋಣವೆಂದರೆ ಅಂಕಿಯೇ ಇಲ್ಲ, ಕೂತು ಯೋಚಿಸಬೇಕು.

ಮಾಡಿ ನೋಡೋಣ. ಬಿದ್ದ ತುಂಡಿನ ವರ್ಗದಲ್ಲಿ ನಿಂತ ತುಂಡಿನ ವರ್ಗ ಕಳೆದರೆ 16ರ ವರ್ಗ, ಅಂದರೆ 256. ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿದ್ದು. ಒಂಬತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ನಿತ್ಯಸಮೀಕರಣ. ಮೊತ್ತ 32 ಎಂದು ಗೊತ್ತೇ ಇದೆ. 256ನ್ನು 32ರಿಂದ ಭಾಗಿಸಿದರೆ 8. ಎರಡು ತುಂಡು ಸೇರಿದರೆ 32, ಒಂದು ಇನ್ನೊಂದಕ್ಕಿಂತ 8 ಉದ್ದ. ಇಷ್ಟು ತಿಳಿದ ಮೇಲೆ ಅಂಗಡಿ ಲೆಕ್ಕ ಗೊತ್ತಿರುವ ಯಾರಾದರೂ ಹೇಳಬಹುದು: 20 ಮತ್ತು 12. ಬಿದಿರು 12 ಮೊಳದಲ್ಲಿ ಮುರಿಯಿತು.

ಬೀಜಗಣಿತ ಯಾಕೆ ಸಾರ್ ಎಂದು ಕೇಳುವ ಮಕ್ಕಳಿಗೆ ಆ ನಿತ್ಯಸಮೀಕರಣ ಕೆಲಸ ಮಾಡುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಗಣಿತದ ಗುರುಗಳಲ್ಲಿ ನನ್ನದೊಂದು ವಿನಂತಿ. ಮರದ ಲೆಕ್ಕ ಬಂದ ದಿನ ಹತ್ತು ನಿಮಿಷ ಈ ಬಿದಿರಿಗೂ ಕೊಡಿ. ಪರೀಕ್ಷೆಗೆ ಬರುವುದಿಲ್ಲ, ನಿಜ.

ಮಕ್ಕಳೇ, ನಿಮಗೆ ಒಂದು: ಬಿದಿರು 25 ಮೊಳ, ತುದಿ ಬಿದ್ದದ್ದು 5 ಮೊಳ ದೂರಕ್ಕೆ. ಎಲ್ಲಿ ಮುರಿಯಿತು? ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ, ಬಂದು ಹೇಳಿ. ದೊಡ್ಡವರೂ ಬರಬಹುದು.