ಅಳಿವೆಯ ಕೆಸರಿನಲ್ಲೂ ಸದಕಾ ಇದೆ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್ (ಸ) ಅವರ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಪ್ರಿಯ ಸಹೋದರರೇ, ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ನೆಡಲು, ದಡದ ಕಸ ಎತ್ತಲು ನಮ್ಮ ಜಮಾಅತ್‌ನಿಂದಲೂ ಜನ ಬೇಕೆಂದು ನೆರೆಯ ಊರಿನ ಮೀನುಗಾರರು ಕೇಳಿದ್ದಾರೆ. ಕಳೆದ ವಾರ ಇದನ್ನು ತಿಳಿಸಿದಾಗ ಕೆಲವರು, "ಮಸೀದಿಗೂ ಕೆಸರಿಗೂ ಏನು ಸಂಬಂಧ ಹಜ್ರತ್?" ಎಂದರು. ಕೇಳಿದ್ದು ಒಳ್ಳೆಯದಾಯಿತು.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾರು ತಿಂದರೂ ಅದು ಅವನಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಇದನ್ನು ನಾವು ಮಾವು, ತೆಂಗಿಗೆ ಮಾತ್ರ ಅನ್ವಯಿಸಿಕೊಂಡು ಬಂದಿದ್ದೇವೆ. ಕಾಂಡ್ಲಾದ ಕಾಯಿಯನ್ನು ನಾವು ತಿನ್ನುವುದಿಲ್ಲ, ನಿಜ. ಆದರೆ ಅದರ ಎಲೆ ನೀರಿನಲ್ಲಿ ಕೊಳೆತು ಸಿಗಡಿ, ಏಡಿಗಳಿಗೆ ಆಹಾರವಾಗುತ್ತದೆ. ಬೇರುಗಳ ಸಂದಿನಲ್ಲಿ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ದಡದ ಮಣ್ಣು ಕೊಚ್ಚಿಹೋಗದಂತೆ ಆ ಬೇರುಗಳೇ ಹಿಡಿದಿಡುತ್ತವೆ. ದಡ ಉಳಿದರೆ ಗಜನಿ ಗದ್ದೆ ಉಳಿಯುತ್ತದೆ, ಉಪ್ಪುನೀರು ತಡೆಯುವ ಕಗ್ಗ ಭತ್ತ ಉಳಿಯುತ್ತದೆ.

ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. 4,801 ಹೆಕ್ಟೇರ್ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. 6,000ಕ್ಕೂ ಹೆಚ್ಚು ಕುಟುಂಬಗಳು ಮೀನು, ಏಡಿ, ಬಳಚು, ಭತ್ತ, ಉಪ್ಪು ಎಂದು ಇದರಿಂದಲೇ ಅನ್ನ ಕಾಣುತ್ತಿವೆ. (ಬಳಚು ತಿನ್ನಬಹುದೇ ಎಂಬ ಹನಫಿ-ಶಾಫಿ ಮಸ್ಅಲ ಇಂದು ಬೇಡ. ಅದನ್ನು ಆರಿಸಿ ಮಾರುವ ತಾಯಂದಿರ ಹೊಟ್ಟೆಪಾಡು ಮಾತ್ರ ನೆನಪಿರಲಿ.)

ಹಾಗೆಂದು ಉತ್ಸಾಹದಲ್ಲಿ ಕಂಡಕಂಡಲ್ಲಿ ನೆಡಬಾರದು. ಅಮಲ್‌ಗೆ ಮೊದಲು ಇಲ್ಮ್ ಬೇಕು. ಇಳಿತದಲ್ಲಿ ತೆರೆದುಕೊಳ್ಳುವ ಬಯಲು ಕೆಸರು ಖಾಲಿ ಜಾಗದಂತೆ ಕಾಣುತ್ತದೆ. ಆದರೆ ಬಳಚು ಇರುವುದು ಅಲ್ಲೇ, ದೂರದೇಶದ ಹಕ್ಕಿಗಳು ಮೇಯುವುದೂ ಅಲ್ಲೇ. ಅಲ್ಲಿ ಗಿಡ ನೆಟ್ಟರೆ ಬಡವರ ಅನ್ನದ ಮೇಲೆ ಗಿಡ ನೆಟ್ಟಂತೆ. ಹಲವು ಕಡೆ ಗಿಡಕ್ಕಿಂತ ಮೊದಲು, ಮಣ್ಣು ತುಂಬಿದ ಕಾಲುವೆ ಬಿಡಿಸಿ ಭರತದ ನೀರು ಒಳಬರುವಂತೆ ಮಾಡಬೇಕು. ನೀರು ಸರಿಯಾಗಿ ಬಂದುಹೋದರೆ ಹತ್ತಿರದ ಮರಗಳ ಬೀಜ ತೇಲಿಬಂದು ತಾನಾಗಿ ಬೇರೂರುತ್ತದೆ. ಆದ್ದರಿಂದ ಪದವೀಧರರು ಕೂಡ ಅಂದು ಅಲ್ಲಿನ ಹಿರಿಯ ಮೀನುಗಾರರ ಮಾತು ಕೇಳಬೇಕು. ಅವರು ಬೇಡ ಎಂದ ಕಡೆ ಒಂದು ಕಡ್ಡಿಯನ್ನೂ ಊರಬಾರದು.

ಇನ್ನೊಂದು ಪ್ರಶ್ನೆ ಮೆಲ್ಲಗೆ ಬಂತು: "ಅಲ್ಲಿ ನಮ್ಮವರು ಎಷ್ಟು ಮಂದಿ ಇರುತ್ತಾರೆ?" ಕಾಲ ಹೇಗಿದೆಯೆಂದು ನಮಗೂ ಗೊತ್ತು, ಮಕ್ಕಳನ್ನು ಕಳಿಸುವ ತಂದೆಯ ಆತಂಕವೂ ಗೊತ್ತು. ಆದರೆ ಕರೆದವರು ನೆರೆಯವರು. ಅಂಬಿಗರ, ಹರಿಕಂತ್ರರ, ಹಾಲಕ್ಕಿಗಳ ಮನೆಯವರು. ನೆರೆಯವನ ಹಕ್ಕು ಅವನ ಧರ್ಮ ಕೇಳಿ ಬರುವುದಿಲ್ಲ. ಅವರು ಕರೆದಾಗ ನಾವು ಹೋಗದಿದ್ದರೆ, ನಾಳೆ ನಮ್ಮನ್ನು ಯಾರೂ ಕರೆಯುವುದಿಲ್ಲ ಎಂದು ದೂರುವ ಅರ್ಹತೆ ನಮಗಿರದು. ಹಿರಿಯರೇ ಮಕ್ಕಳ ಜೊತೆ ಬನ್ನಿ, ಆತಂಕವೂ ಕಡಿಮೆಯಾಗುತ್ತದೆ.

ದಡದಲ್ಲಿ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ಲೋಟಗಳಲ್ಲಿ ನಮ್ಮ ವಲೀಮಾದವೂ ಇವೆ. ನೀರಿನ ತಾಣವನ್ನು ಹೊಲಸು ಮಾಡುವುದು ಶಾಪಕ್ಕೆ ಗುರಿಯಾಗುವ ಕೆಲಸವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಇನ್ನು ಮುಂದೆ ಮಸೀದಿಯ ಹಾಲ್‌ನಲ್ಲಿ ನಿಕಾಹ್ ಊಟಕ್ಕೆ ಸ್ಟೀಲ್ ಲೋಟವೇ ಇರಲಿ ಎಂದು ಕಮಿಟಿಯವರನ್ನು ಕೋರುತ್ತೇವೆ.

ಭಾನುವಾರ ಫಜ್ರ್ ನಮಾಝಿನ ನಂತರ ಮಸೀದಿಯ ಮುಂದೆ ಸೇರೋಣ. ಇಳಿತ ಇರುವಷ್ಟು ಹೊತ್ತು ಮಾತ್ರ ಕೆಲಸ, ಝುಹ್ರ್‌ಗೆ ಮೊದಲು ಮರಳುತ್ತೇವೆ. ಚಿಪ್ಪು ಕಾಲು ಕೊಯ್ಯುತ್ತದೆ, ಹಳೆಯ ಬೂಟು ಹಾಕಿಕೊಂಡು ಬನ್ನಿ. ಈಜು ಬಾರದ ಮಕ್ಕಳು ದಡದಲ್ಲಿ ಕಸ ಆರಿಸಲಿ. ಕೆಸರು ನಜಸ್ ಅಲ್ಲ, ಬಟ್ಟೆಗೆ ತಾಗಿದರೂ ನಮಾಝಿಗೆ ಅಡ್ಡಿಯಿಲ್ಲ. ಆದರೂ ಮಸೀದಿಯ ಚಾಪೆಯ ದೃಷ್ಟಿಯಿಂದ ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ.