ಡಾಕ್ಟರಿಗೆ ಹೇಳದ ಕಷಾಯ

ನೋಡಿ ವೀಕ್ಷಕರೇ, ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಮನೆಗೆ ಮೊದಲು ಬರೋದು ನೆಂಟರ ಫೋನ್. ಒಬ್ಬರು ಗೋಮೂತ್ರ ಅಂತಾರೆ. ಇನ್ನೊಬ್ಬರು ಲಕ್ಷ್ಮಣಫಲ. ಮತ್ತೊಬ್ಬರು, 'ಒಮ್ಮೆ ನರಸೀಪುರಕ್ಕೆ ಹೋಗಿ ಬನ್ನಿ, ಹೋದ್ರೆ ಏನು ನಷ್ಟ?' ಅಂತಾರೆ.

ಸಾಗರ ತಾಲ್ಲೂಕಿನ ಆ ನರಸೀಪುರದ ಹೆಸರು ಕೇಳದ ಕನ್ನಡಿಗರು ಕಡಿಮೆ. 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರು ಅಲ್ಲಿ ಗುರುವಾರ, ಭಾನುವಾರ ಮರದ ಚಕ್ಕೆಯ ಔಷಧಿ ಕೊಡುತ್ತಿದ್ದರು. ಹಿಂದಿನ ರಾತ್ರಿಯಿಂದಲೇ ಸಾಲು. ಹೊರರಾಜ್ಯಗಳಿಂದಲೂ ಜನ ಬರುತ್ತಿದ್ದರು. ಆ ಸಾಲಿನಲ್ಲಿ ನಿಂತವರನ್ನು ಮೂಢರು ಅಂತ ನಾನಂತೂ ಕರೆಯೋದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬೆಳಗ್ಗೆ ಚೀಟಿ ಮಾಡಿಸಿ ಮಧ್ಯಾಹ್ನ ಒಳಗೆ ಹೋದವರಿಗೆ ಕೀಮೋ ಅಂದ್ರೆ ಏನು, ಕೂದಲು ಯಾಕೆ ಉದುರುತ್ತೆ, ದುಡ್ಡಿಗೆ ಏನು ದಾರಿ ಅಂತ ಕೂತು ಹೇಳೋರು ಯಾರು? ಭರವಸೆಯ ಒಂದು ಮಾತು ಸಿಗೋ ಕಡೆ ಜನ ಹೋಗ್ತಾರೆ.

ಆದರೆ 'ಏನು ನಷ್ಟ' ಅನ್ನೋ ಪ್ರಶ್ನೆಗೆ ಉತ್ತರ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ದೊಡ್ಡಕರುಳಿನ ಕ್ಯಾನ್ಸರ್ ಇದ್ದವರು, ಅದೂ ದೂರದ ಅಂಗಗಳಿಗೆ ಇನ್ನೂ ಹರಡದೇ ಇದ್ದವರು. ಅವರಲ್ಲಿ ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡ 281 ಜನರಿಗೆ ಸಾವಿನ ಅಪಾಯ ಆಸ್ಪತ್ರೆ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು! ಕಾರಣ ಸರಳ. ಇವತ್ತು ಎದೆಯಲ್ಲಿರೋ ಗಂಟನ್ನು ಸರ್ಜನ್ ತೆಗೆದುಹಾಕಬಹುದು. ಆರು ತಿಂಗಳು ಕಷಾಯ ಕುಡಿದು ಬರೋ ಹೊತ್ತಿಗೆ ಅದು ಕಂಕುಳಿಗೆ, ಮೂಳೆಗೆ ಹೋಗಿರಬಹುದು. ನಷ್ಟ ಆ ಆರು ತಿಂಗಳು.

ಹಾಗಂತ ಗಿಡಮೂಲಿಕೆ ಎಲ್ಲಾ ಸುಳ್ಳು ಅಂತಲ್ಲ. ನಮ್ಮ ಅಂಗಳದ ನಿತ್ಯಪುಷ್ಪ ಇದೆಯಲ್ಲ, ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡೋ ವಿನ್‌ಕ್ರಿಸ್ಟಿನ್ ಸಿಕ್ಕಿದ್ದೇ ಆ ಗಿಡದಿಂದ. ಟ್ಯಾಕ್ಸಾಲ್ ಅನ್ನೋ ಕೀಮೋ ಔಷಧಿ ಮೊದಲು ಸಿಕ್ಕಿದ್ದೂ ಒಂದು ಮರದ ತೊಗಟೆಯಲ್ಲೇ! ಹಾಗಂತ ನಿತ್ಯಪುಷ್ಪ ಅರೆದು ಕುಡಿದೀರಿ, ಅದು ವಿಷ. ಎಷ್ಟು ಮಿಲಿಗ್ರಾಂ, ಯಾರಿಗೆ, ಎಷ್ಟು ದಿನಕ್ಕೊಮ್ಮೆ ಅಂತ ಲೆಕ್ಕ ಹಾಕಿದ ಮೇಲೇನೇ ಅದು ಔಷಧಿ ಆಗಿದ್ದು.

ನನಗೆ ಇದಕ್ಕಿಂತ ಚಿಂತೆ ಎರಡನ್ನೂ ಕದ್ದುಮುಚ್ಚಿ ತಗೊಳ್ಳೋರದ್ದು. ಬೆಳಗ್ಗೆ ಕೀಮೋ, ರಾತ್ರಿ ಕಷಾಯ. ಡಾಕ್ಟರಿಗೆ ಹೇಳಲ್ಲ, ಬೈತಾರೆ ಅಂತ. ಕೆಲವು ಮೂಲಿಕೆ ಲಿವರ್ ಕೆಡಿಸುತ್ತವೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಏರುಪೇರಾದರೆ ಡಾಕ್ಟರು ಕೀಮೋದಿಂದಲೇ ಹೀಗಾಯ್ತು ಅಂದುಕೊಂಡು ಡೋಸ್ ಇಳಿಸಬಹುದು, ಮುಂದಕ್ಕೆ ಹಾಕಬಹುದು. ಕೆಲಸ ಮಾಡ್ತಿದ್ದ ಔಷಧಿ ನಿಂತುಹೋಯ್ತು, ಯಾಕೆ ಅಂತ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ! ಇಲ್ಲಿ ಡಾಕ್ಟರುಗಳಿಗೂ ಒಂದು ಮಾತು. ಬೇರೆ ಏನಾದ್ರೂ ತಗೋತಿದ್ದೀರಾಮ್ಮ ಅಂತ ನೀವೇ ಕೇಳಿ. ಗದರಿಸಬೇಡಿ. ಯೋಗದಿಂದ ಸುಸ್ತು ಕಡಿಮೆ ಆಗುತ್ತೆ, ನಿದ್ದೆ ಬರುತ್ತೆ ಅಂದ್ರೆ ಮಾಡಲಿ ಬಿಡಿ.

ಇನ್ನು ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ. ಎಪ್ಪತ್ತು ವರ್ಷ ಆಯ್ತು. ನಿಮ್ಮ ಫೋನ್ ತೆಗೆದು ನೋಡಿ, ಅಂಥ ಎಷ್ಟು ವಿಡಿಯೋ ಇವೆ ಅಂತ.

ನಾಳೆ ಆಸ್ಪತ್ರೆಗೆ ಹೋಗೋರು ರಿಪೋರ್ಟ್ ಫೈಲ್ ಜೊತೆ ಆ ಪುಡಿ ಪೊಟ್ಟಣವನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಡಾಕ್ಟರ ಮೇಜಿನ ಮೇಲೆ ಇಡಿ. ಬೈದರೆ ಬೈಯಲಿ.